ಬೇಲೂರಿನ ರೂವಾರಿಗಳು ಆಗಲೇ ಹೆಸರು ಕೆತ್ತಿದ್ದರೆ, ಇಟಲಿಯ ಪುನರುಜ್ಜೀವನದಲ್ಲಿ ಹೊಸದೇನಿತ್ತು?

ಜೆರಾಕ್ಸ್ ಅಂಗಡಿ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಇತಿಹಾಸ ಓದಿದವನಲ್ಲ. ಬಿ.ಕಾಂ. ಮಾಡಿದ್ದೇನೆ, ಅದೂ ಎರಡು ಸಲ ಕಟ್ಟಿ ಪಾಸಾಗಿದ್ದು. ಮಗಳು ಹೈಸ್ಕೂಲಿನಲ್ಲಿದ್ದಾಳೆ. ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿಗೇ ಬಂದು ಮೂಲೆಯ ಸ್ಟೂಲ್ ಮೇಲೆ ಕೂತು ಓದುತ್ತಾಳೆ, ಜನ ಜಾಸ್ತಿ ಇದ್ದರೆ ಪುಟ ಜೋಡಿಸಿ ಸ್ಪೈರಲ್ ಹಾಕಿ ಕೊಡುತ್ತಾಳೆ.

ಮೊನ್ನೆ ಯುರೋಪಿನ ಪುನರುಜ್ಜೀವನದ ಪಾಠ ನಡೆಯುತ್ತಿತ್ತು. ಓದುತ್ತಿದ್ದದ್ದು ಪುಸ್ತಕ ಅಲ್ಲ, ಯಾರೋ ಟ್ಯೂಷನ್ ಮೇಷ್ಟ್ರು ಬರೆದ ನೋಟ್ಸ್. ಆ ನೋಟ್ಸನ್ನು ಒಂದೇ ವಾರದಲ್ಲಿ ನಾನೇ ನೂರಕ್ಕೂ ಜಾಸ್ತಿ ಪ್ರತಿ ತೆಗೆದು ಕೊಟ್ಟಿದ್ದೇನೆ, ಒಂದು ಸಲವೂ ಓದಿರಲಿಲ್ಲ ಅಷ್ಟೇ. ಅದರಲ್ಲಿ ಎರಡು ಮಾತು ಇವೆ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ಅಲ್ಲಿನ ಗ್ರೀಕ್ ಪಂಡಿತರು ಪುಸ್ತಕದ ಗಂಟು ಕಟ್ಟಿಕೊಂಡು ಇಟಲಿಗೆ ಓಡಿ ಬಂದರು, ಅಲ್ಲಿಂದಲೇ ಪುನರುಜ್ಜೀವನ ಶುರುವಾಯಿತು ಅಂತ ಒಂದು. ಅದಕ್ಕೆ ಮೊದಲು ಕಲಾವಿದರು ಹೆಸರಿಲ್ಲದ ಕೂಲಿಗಳಾಗಿದ್ದರು, ಕಲಾವಿದನಿಗೆ ತನ್ನದೇ ಹೆಸರು ಬಂದದ್ದು ಆಗಲೇ ಅಂತ ಇನ್ನೊಂದು.

ಮಗಳು ಕೆಳಗಿನ ಪಟ್ಟಿ ತೋರಿಸಿ ಕೇಳಿದಳು: "ಅಪ್ಪಾ, ಫ್ಲಾರೆನ್ಸಿನ ದೊಡ್ಡ ಗುಮ್ಮಟ ಮುಗಿದದ್ದು 1436 ಅಂತ ಇಲ್ಲೇ ಇದೆ. 1436 ಮೊದಲೋ 1453 ಮೊದಲೋ?" ನಾನು ಟೋನರ್ ಹಾಕುವ ನೆಪ ಮಾಡಿ ಸುಮ್ಮನಾದೆ. ಬಿಡಲಿಲ್ಲ. "ಶಾಲೆಯಿಂದ ಬೇಲೂರಿಗೆ ಹೋದಾಗ ಗೈಡ್ ಅಂಕಲ್ ಹೇಳಿದ್ದರು, ಮದನಿಕೆಗಳ ಕೆಳಗೆ ದಾಸೋಜ, ಚಾವಣ ಅಂತ ಕೆತ್ತಿದವರ ಹೆಸರಿದೆ ಅಂತ. ಅದು 1117. ಹಂಗಾದ್ರೆ ಹೆಸರು ಮೊದಲು ಹಾಕಿದ್ದು ಇವರೇ ಅಲ್ವಾ?"

ಎರಡಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ತಿಳಿದವರು ಹೇಳಿ. ಪರೀಕ್ಷೆಗೆ ಬರೆಯುವ ಉತ್ತರ ಬೇಡ, ಅದು ನೋಟ್ಸಿನಲ್ಲೇ ಇದೆ.

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು

ಅಂಗಡಿಯವರೇ, ನಿಮ್ಮ ಮಗಳಿಗೆ ಮೊದಲು ಒಂದು ಶಹಬ್ಬಾಸ್ ಹೇಳಿ. ನಾನು ಎಷ್ಟೋ ವರ್ಷ ಇದೇ ಪಾಠ ಮಾಡಿದವನು, 1453ರ ಕತೆಯನ್ನು ಹಾಗೇ ಹೇಳಿದವನು, ಒಬ್ಬ ಹುಡುಗನೂ ಈ ಪ್ರಶ್ನೆ ಕೇಳಲಿಲ್ಲ.

1453 ಒಂದು ಅನುಕೂಲದ ಇಸವಿ. ನೆನಪಿಡಲು ಸುಲಭ. ಯುದ್ಧ ಇದೆ, ಓಡಿ ಬಂದ ಪಂಡಿತರಿದ್ದಾರೆ, ಪುಸ್ತಕದ ಗಂಟಿದೆ. ಆದರೆ ಕೆಲಸ ಅದಕ್ಕಿಂತ ನೂರು ವರ್ಷ ಮೊದಲೇ ಶುರುವಾಗಿತ್ತು. ಪೆಟ್ರಾರ್ಕ್ ಅಂತ ಒಬ್ಬ ಕವಿ, 1304ರಲ್ಲಿ ಹುಟ್ಟಿದವನು. ಅವನಿಗೆ ಹಳೇ ಲ್ಯಾಟಿನ್ ಪುಸ್ತಕ ಹುಡುಕುವ ಹುಚ್ಚು. 1345ರಲ್ಲಿ ವೆರೋನಾದ ಚರ್ಚಿನ ಪುಸ್ತಕ ಭಂಡಾರದಲ್ಲಿ ಹಳೇ ರೋಮಿನ ರಾಜಕಾರಣಿ, ಭಾಷಣಕಾರ ಸಿಸೆರೋ ಬರೆದ ಕಾಗದಗಳು ಸಿಕ್ಕವು. ಕೂತು ತನ್ನ ಕೈಯಿಂದಲೇ ಪ್ರತಿ ಮಾಡಿಕೊಂಡ. ಓದಿ ನೋಡಿದರೆ ಅವನು ದೇವರಂತೆ ಅಂದುಕೊಂಡಿದ್ದ ಸಿಸೆರೋ ರಾಜಕೀಯದಲ್ಲಿ ಅಲ್ಲಿಂದ ಇಲ್ಲಿಗೆ ಹಾರುವ ಸಾಮಾನ್ಯ ಮನುಷ್ಯ. ಸಿಟ್ಟು ಬಂದು, ಸತ್ತು ಸಾವಿರದ ಮುನ್ನೂರು ವರ್ಷ ದಾಟಿದ್ದ ಆ ಸಿಸೆರೋಗೇ ಒಂದು ಕಾಗದ ಬರೆದು ಬೈದ! ನನಗೆ ಕೇಳಿದರೆ ಪುನರುಜ್ಜೀವನ ಅಂದರೆ ಆ ಕಾಗದ. ಹಳಬರನ್ನು ಪೂಜೆಗೆ ಇಡದೆ, ಎದುರಿಗೆ ಕೂರಿಸಿಕೊಂಡು ಜಗಳ ಆಡಿದ್ದು.

ಇದೇ ಪೆಟ್ರಾರ್ಕನಿಗೆ ಯಾರೋ ಗ್ರೀಕ್ ಕವಿ ಹೋಮರನ ಕಾವ್ಯದ ಗ್ರೀಕ್ ಪ್ರತಿ ಕಳಿಸಿದ್ದರು. ಓದಲು ಬರುತ್ತಿರಲಿಲ್ಲ. ಸುಮ್ನೆ ತಬ್ಬಿಕೊಂಡು ನಿಟ್ಟುಸಿರು ಬಿಡುತ್ತಿದ್ದನಂತೆ. ಆಗ ಇಟಲಿಯಲ್ಲಿ ಗ್ರೀಕ್ ಕಲಿಸುವವರು ಅಷ್ಟು ಅಪರೂಪ. 1397ರಲ್ಲಿ ಫ್ಲಾರೆನ್ಸಿನವರು ಕಾನ್‌ಸ್ಟಾಂಟಿನೋಪಲ್‌ನಿಂದ ಮ್ಯಾನುಯೆಲ್ ಕ್ರಿಸೊಲೊರಾಸ್ ಎಂಬ ಪಂಡಿತರನ್ನು ಸಂಬಳ ಕೊಟ್ಟು ಕರೆಸಿಕೊಂಡರು. ನೋಡಿ, ಓಡಿ ಬಂದವರಲ್ಲ, ಕರೆಸಿಕೊಂಡ ಮೇಷ್ಟ್ರು. 1439ರಲ್ಲಿ ರೋಮಿನ ಕಡೆಯ, ಗ್ರೀಕ್ ಕಡೆಯ ಎರಡೂ ಕ್ರೈಸ್ತರು ಫ್ಲಾರೆನ್ಸಿನಲ್ಲಿ ದೊಡ್ಡ ಸಭೆ ಸೇರಿದ್ದರು, ಆಗಲೂ ಗ್ರೀಕ್ ವಿದ್ವಾಂಸರು ಬಂದರು. ಅವರಲ್ಲಿ ಬೆಸಾರಿಯೊನ್ ಎಂಬುವರು ಆಮೇಲೆ ಇಟಲಿಯಲ್ಲೇ ನೆಲೆಸಿ, 1468ರಲ್ಲಿ ತಮ್ಮ ನೂರಾರು ಗ್ರೀಕ್ ಪುಸ್ತಕಗಳನ್ನು ವೆನಿಸ್ ನಗರಕ್ಕೆ ಕೊಟ್ಟರು. 1453ರಿಂದ ಬರುವವರ ಸಂಖ್ಯೆ ಹೆಚ್ಚಾಯಿತು, ಪುಸ್ತಕ ಉಳಿಸಬೇಕು ಎಂಬ ಅವಸರವೂ ಹೆಚ್ಚಾಯಿತು. ಅದು ನಿಜ. ಉರಿಯುತ್ತಿದ್ದ ಒಲೆಗೆ ಸೌದೆ ಹಾಕಿದ್ದು ಅದು, ಕಡ್ಡಿ ಗೀರಿದ್ದಲ್ಲ.

ಇಂಥ ಹುಡುಕಾಟ ನಮ್ಮಲ್ಲೂ ನಡೆದಿದೆ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ಕೊಟ್ಟು ಹೋದರು. ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಕೇಳಿದ್ದ ಗ್ರಂಥ. 1909ರಲ್ಲಿ ಅಚ್ಚಾಯಿತು. ವಿಜಯಪುರದ ವಕೀಲರು ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ವಚನಗಳ ಓಲೆ ಕಲೆ ಹಾಕಿ 1923ರಲ್ಲಿ ವಚನಶಾಸ್ತ್ರಸಾರ ತಂದರು. ಹಲ್ಮಿಡಿ ಶಾಸನ ನಿಮ್ಮ ಬೇಲೂರು ತಾಲ್ಲೂಕಿನದೇ, 1936ರಲ್ಲಿ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿತ್ತು. ಇಟಲಿಯ ಪೊಜ್ಜೊ ಬ್ರಾಚ್ಚೊಲಿನಿ 1416ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಗೋಪುರದ ಬುಡದ ಕತ್ತಲೆ ಕೋಣೆಯಲ್ಲಿ, ಧೂಳಿನಲ್ಲಿ, ಹಳೇ ರೋಮಿನ ಭಾಷಣಕಲೆಯ ಮೇಷ್ಟ್ರು ಕ್ವಿಂಟಿಲಿಯನ್‌ನ ಪೂರ್ತಿ ಪುಸ್ತಕ ಕಂಡದ್ದು ಇಂಥದೇ ಕತೆ.

ಎರಡನೇ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಕಾಫಿ ಕರೀತಿದ್ದಾರೆ.

ಸೆಂಟ್ರಿಂಗ್ ಕಂಟ್ರಾಕ್ಟರ್

ಮೇಷ್ಟ್ರು ಕಾಫಿ ಕುಡಿದು ಬರುವಷ್ಟರಲ್ಲಿ ಆ ಗುಮ್ಮಟದ ವಿಷಯ ನಾನು ಹೇಳಿಬಿಡುತ್ತೇನೆ, ಯಾಕಂದ್ರೆ ಅದು ನನ್ನ ಕೆಲಸದ ವಿಷಯ. ನಾನು ಹಾಸನ, ಸಕಲೇಶಪುರ ಕಡೆ ಮನೆ ಕಟ್ಟಿಸುವವನು. ಮೋಲ್ಡ್ ಹಾಕುವಾಗ ಕೆಳಗೆ ಸೆಂಟ್ರಿಂಗ್ ಇಲ್ಲದೆ ಕಾಂಕ್ರೀಟ್ ಸುರಿ ಅಂದರೆ ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ. ಈ ಬ್ರುನೆಲೆಸ್ಕಿ ಅನ್ನೋ ಮಹಾನುಭಾವ 45 ಮೀಟರ್ ಅಗಲದ ಗುಮ್ಮಟವನ್ನು, ನೆಲದಿಂದ 50 ಮೀಟರಿಗೂ ಮೇಲೆ, ಕೆಳಗಿಂದ ಮರದ ಸೆಂಟ್ರಿಂಗ್ ಇಲ್ಲದೆ ಇಟ್ಟಿಗೆಯಲ್ಲಿ ಕಟ್ಟಿದ. ಅಷ್ಟು ಎತ್ತರಕ್ಕೆ ಆನಿಕೆ ಕೊಡಲು ಮರ ಎಲ್ಲಿಂದ ತರೋದು? ಅದೇ ತಲೆನೋವಿನಿಂದ ಚರ್ಚಿನ ನೆತ್ತಿ ಎಷ್ಟೋ ವರ್ಷ ತೆರೆದೇ ಇತ್ತು. ಮಳೆ ಒಳಗೇ ಸುರಿಯುತ್ತಿತ್ತು ಅಂದುಕೊಳ್ಳಿ. 1418ರಲ್ಲಿ ಊರಿನವರು ಸ್ಪರ್ಧೆ ಇಟ್ಟರು, 1420ರಲ್ಲಿ ಕೆಲಸ ಶುರು, 1436ಕ್ಕೆ ಮುಗಿಯಿತು.

ಉಪಾಯ ಏನು ಅಂದರೆ, ಒಂದರೊಳಗೆ ಒಂದು ಎರಡು ಚಿಪ್ಪು ಮಾಡಿದ. ಒಳಗಿನದು ದಪ್ಪ, ಹೊರಗಿನದು ತೆಳು, ನಡುವೆ ಮನುಷ್ಯ ಹತ್ತುವಷ್ಟು ಜಾಗ. ಭಾರ ಕಡಿಮೆ ಆಯಿತು. ಇಟ್ಟಿಗೆಯನ್ನು ಪೂರ್ತಿ ಮಲಗಿಸದೆ ನಡುನಡುವೆ ನಿಲ್ಲಿಸಿ, ಮೀನಿನ ಮುಳ್ಳಿನ ಹಾಗೆ ಹೆಣೆದ. ಮೇಲೆ ಹೋದ ಹಾಗೆ ಗೋಡೆ ಒಳಕ್ಕೆ ವಾಲುತ್ತದೆ, ಗಾರೆ ಒಣಗುವ ಮೊದಲೇ ಇಟ್ಟಿಗೆ ಜಾರಬೇಕು, ಆದರೆ ನಿಂತ ಇಟ್ಟಿಗೆ ಅದನ್ನು ಹಿಡಿದುಕೊಳ್ಳುತ್ತದೆ. ಒಂದೊಂದು ಸುತ್ತು ಮುಗಿದ ಹಾಗೆ ಅದು ತನ್ನನ್ನು ತಾನೇ ಹೊರುತ್ತದೆ. ಸಾಮಾನು ಮೇಲೆತ್ತಲು ಎತ್ತು ಕಟ್ಟಿದ ಯಂತ್ರ. ಎತ್ತು ಒಂದೇ ದಿಕ್ಕಿಗೆ ಸುತ್ತುತ್ತಿದ್ದರೂ ಹಲ್ಲುಚಕ್ರ ಬದಲಾಯಿಸಿ ಹಗ್ಗವನ್ನು ಮೇಲಕ್ಕೂ ಕೆಳಕ್ಕೂ ಬಿಡಬಹುದಿತ್ತು. ಮೇಲೆಯೇ ಅಡುಗೆ ಮಾಡಿಸುತ್ತಿದ್ದನಂತೆ, ಊಟಕ್ಕೆ ಕೆಳಗೆ ಇಳಿದರೆ ಅರ್ಧ ದಿನ ಹೋಗುತ್ತೆ ಅಂತ. ನಮ್ಮ ಹುಡುಗರು ಟೀಗೆ ಅಂತ ಇಳಿದರೆ ಮುಗೀತು, ಹಂಗಾಗಿ ಈ ಮಾತು ಓದಿದಾಗಿನಿಂದ ಅವನ ಮೇಲೆ ನನಗೆ ವಿಶೇಷ ಪ್ರೀತಿ.

ಇಷ್ಟು ದೊಡ್ಡವನು ಪೂರ್ತಿ ಗೆದ್ದವನಲ್ಲ. 1401ರಲ್ಲಿ ಕಂಚಿನ ಬಾಗಿಲಿನ ಸ್ಪರ್ಧೆಯಲ್ಲಿ ಗಿಬೆರ್ಟಿ ಎಂಬ ಶಿಲ್ಪಿಯ ಎದುರು ಸೋತ. ಮುಂದೆ ಗುಮ್ಮಟದ ಕೆಲಸಕ್ಕೆ ಅದೇ ಗಿಬೆರ್ಟಿಯನ್ನೇ ಜೊತೆಗೆ ಹಾಕಿದರು, ಪಾಪ ಹೊಟ್ಟೆ ಎಷ್ಟು ಉರಿದಿರಬೇಕು. 1421ರಲ್ಲಿ ಅಮೃತಶಿಲೆ ಸಾಗಿಸಲು ಹೊಸ ನಮೂನೆಯ ದೋಣಿಗೆ ಪೇಟೆಂಟ್ ತಗೊಂಡ, ಅದು ಕಲ್ಲಿನ ಸಮೇತ ಆರ್ನೋ ನದಿಯಲ್ಲಿ ಮುಳುಗಿತು. 1434ರಲ್ಲಿ, ಗುಮ್ಮಟ ಮುಗಿಯಲು ಎರಡೇ ವರ್ಷ ಇರುವಾಗ, ಸಂಘದ ಚಂದಾ ಕಟ್ಟಲಿಲ್ಲ ಅಂತ ಕಲ್ಲು ಮರದ ಕೆಲಸದವರ ಸಂಘ ಅವನನ್ನು ಜೈಲಿಗೆ ಹಾಕಿಸಿತು. ಇದೆಲ್ಲ ಹೇಗೆ ಗೊತ್ತು ಅಂದರೆ, ಆ ಕಟ್ಟಡದ ಕಚೇರಿಯ ಕಡತ ಉಳಿದಿದೆ. ಯಾರಿಗೆ ಎಷ್ಟು ಕೂಲಿ, ಯಾವ ಗಾಡಿಯಲ್ಲಿ ಎಷ್ಟು ಇಟ್ಟಿಗೆ ಬಂತು, ಎಲ್ಲ. 1417ರಿಂದ 1436ರವರೆಗಿನ ಲೆಕ್ಕ ಇಂಟರ್ನೆಟ್ಟಿನಲ್ಲೇ ಇದೆ. ನನ್ನ ಹೋದ ವರ್ಷದ ಸಿಮೆಂಟ್ ಬಿಲ್ ಕೇಳಬೇಡಿ, ಅದು ಸಿಗೋದಿಲ್ಲ.

ಹೊಯ್ಸಳ ಹುಡುಗ

ಎಲ್ಲ ಸರಿ, ಆದರೆ ನಮ್ಮೂರಲ್ಲಿ ಹಳೇಬೀಡು ಇಟ್ಟುಕೊಂಡು ನಾವ್ಯಾಕೆ ಇಟಲಿಯವರನ್ನು ಹೊಗಳಬೇಕು? ಹೊಯ್ಸಳರು 12ನೇ ಶತಮಾನದಲ್ಲೇ ಎಲ್ಲ ಮಾಡಿ ಮುಗಿಸಿದ್ದರು. ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯನೂ ಆ ಕಾಲದವನೇ. ಸೊನ್ನೆ ಕೊಟ್ಟವರು ನಾವು. ಅವರು ನಮ್ಮಿಂದ ಕಲಿತು ಅದಕ್ಕೆ ಪುನರುಜ್ಜೀವನ ಅಂತ ಬೋರ್ಡ್ ಹಾಕಿಕೊಂಡರು ಅಷ್ಟೇ. ಯುನೆಸ್ಕೋದವರೇ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರವನ್ನು ಪಟ್ಟಿಗೆ ಸೇರಿಸಿದರು. ನಿಮ್ಮ ಮಗಳು ಕೇಳಿದ್ದು ಸರಿಯಾಗಿಯೇ ಇದೆ ಅಣ್ಣ, ಮೊದಲು ಹೆಸರು ಹಾಕಿದ್ದು ನಾವೇ.

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು

ಹುಡುಗಾ, ಅಭಿಮಾನ ಇರಲಿ. ಆದರೆ ಸೊನ್ನೆ ಹೇಗೆ ಹೋಯಿತು ಅಂತ ನೋಡಿದರೆ ಕತೆ ಇನ್ನೂ ಚೆನ್ನಾಗಿದೆ, ಬೋರ್ಡ್ ಹಾಕಿಕೊಂಡರು ಅಂದುಬಿಟ್ಟರೆ ಆ ಕತೆ ತಪ್ಪಿಹೋಗುತ್ತೆ. ನಮ್ಮ ಅಂಕಿಗಳು ಬಾಗ್ದಾದಿಗೆ ಹೋದವು. ಅಲ್ಲಿ ಅಲ್ ಖ್ವಾರಿಜ್ಮಿ 9ನೇ ಶತಮಾನದಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಅದು 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಬಂತು. ಪೀಸಾ ಊರಿನ ಫಿಬೊನಾಚಿ ಅಂತ ಒಬ್ಬ, ಅವನಪ್ಪ ಉತ್ತರ ಆಫ್ರಿಕಾದ ಬಂದರಿನಲ್ಲಿ ಸುಂಕದ ಕೆಲಸದಲ್ಲಿದ್ದ. ಹುಡುಗ ಅಲ್ಲಿ ಲೆಕ್ಕ ಕಲಿತು 1202ರಲ್ಲಿ ಪುಸ್ತಕ ಬರೆದ, ಶುರುವಿನಲ್ಲೇ "ಇವು ಭಾರತೀಯರ ಒಂಬತ್ತು ಅಂಕಿಗಳು" ಅಂತ ಹೇಳಿದ. ಕದ್ದವನು ಹಾಗೆ ಹೇಳುತ್ತಾನಾ?

ಇನ್ನೊಂದು ತಮಾಷೆ. 1299ರಲ್ಲಿ ಫ್ಲಾರೆನ್ಸಿನ ಸಾಹುಕಾರರ ಸಂಘ ಲೆಕ್ಕದ ಪುಸ್ತಕದಲ್ಲಿ ಈ ಹೊಸ ಅಂಕಿ ಬಳಸಬಾರದು ಅಂತ ಕಟ್ಟಳೆ ಮಾಡಿತು. ರೋಮನ್ ಅಂಕಿಯಲ್ಲಿ ಅಥವಾ ಅಕ್ಷರದಲ್ಲಿ ಬರೆಯಬೇಕು. ಸೊನ್ನೆಗೆ ಒಂದು ಬಾಲ ಎಳೆದರೆ ಆರಾಗುತ್ತೆ, ಒಂಬತ್ತಾಗುತ್ತೆ, ಮೋಸಕ್ಕೆ ದಾರಿ ಎಂಬ ಭಯ. ಇವತ್ತೂ ಚೆಕ್ ಮೇಲೆ ನಾವು ಅಕ್ಷರದಲ್ಲಿ ಬರೆಯುತ್ತೇವೆ, ಅಲ್ವಾ? ಅದೇ ಊರು ಮುಂದೆ ಅದೇ ಅಂಕಿ ಹಿಡಿದು ಬ್ಯಾಂಕ್ ನಡೆಸಿತು. ಮೆಡಿಚಿ ಮನೆತನದ ಬ್ಯಾಂಕ್ 1397ರದ್ದು. ಗುಮ್ಮಟಕ್ಕೆ, ಚಿತ್ರಕ್ಕೆ, ಪುಸ್ತಕಕ್ಕೆ ದುಡ್ಡು ಬಂದದ್ದು ಉಣ್ಣೆ, ಬಟ್ಟೆ, ಬಡ್ಡಿಯಿಂದ. ಬಡ್ಡಿ ಪಾಪ ಅಂತ ಚರ್ಚ್ ಹೇಳುತ್ತಿತ್ತು, ಹಂಗಾಗಿ ಪಾಪ ಕಳೆಯಲಿ ಅಂತಲೂ ಈ ಸಾಹುಕಾರರು ಚರ್ಚ್ ಕಟ್ಟಿಸಿದರು.

ಈಗ ಹೆಸರಿನ ಪ್ರಶ್ನೆ. ಮೊದಲು ಹೆಸರು ಹಾಕಿದವರು ಯಾರು ಅಂತ ಪಂದ್ಯ ಕಟ್ಟಬೇಡಿ, ಯಾರೂ ಗೆಲ್ಲುವುದಿಲ್ಲ. ಇಟಲಿಯ ಮೊಡೆನಾ ಚರ್ಚಿನ ಕೆಲಸ 1099ರಲ್ಲಿ ಶುರುವಾಯಿತು, ಅಲ್ಲಿ ವಿಲಿಜೆಲ್ಮೊ ಎಂಬ ಶಿಲ್ಪಿಯನ್ನು ಹೆಸರು ಹಿಡಿದು ಹೊಗಳಿದ ಶಾಸನ ಇದೆ. ಅಂದರೆ ಅವರ "ಕತ್ತಲೆ ಯುಗ"ದಲ್ಲೂ ಹೆಸರಿತ್ತು. ಆ ಕತ್ತಲೆ ಅನ್ನುವ ಮಾತೂ ದೊಡ್ಡ ಉತ್ಪ್ರೇಕ್ಷೆ. ಬೊಲೊನ್ಯಾದ ವಿಶ್ವವಿದ್ಯಾಲಯ, ಕನ್ನಡಕ, ಗಡಿಯಾರ ಎಲ್ಲ ಆ ಕತ್ತಲೆಯಲ್ಲೇ ಬಂದವು. ಹಾಗಾಗಿ ನೋಟ್ಸ್‌ನ ಎರಡನೇ ಮಾತು ಬೇಲೂರು ಬಿಡಿ, ಇಟಲಿಗೇ ಹೊಂದುವುದಿಲ್ಲ.

ಹಾಗಾದರೆ ಬದಲಾದದ್ದು ಏನು? ನಮ್ಮ ಜಿಲ್ಲೆಯ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ. ಅಮೃತೇಶ್ವರ ದೇವಸ್ಥಾನ, 1196. ಅಲ್ಲಿ ಕೆಲಸ ಮಾಡಿದವನು ರೂವಾರಿ ಮಲ್ಲಿತಮ್ಮ. 13ನೇ ಶತಮಾನದ ಸೋಮನಾಥಪುರದಲ್ಲೂ ವಿಗ್ರಹಗಳ ಪೀಠದ ಮೇಲೆ ಮಲ್ಲಿತಮ್ಮನ ಹೆಸರು. ಅರವತ್ತು ವರ್ಷಕ್ಕೂ ಹೆಚ್ಚು ಅಂತರ! ಇಷ್ಟು ವರ್ಷ ಉಳಿ ಹಿಡಿದವನು ಒಬ್ಬನೇನಾ, ಅಥವಾ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟಿದ್ದರಾ? ಕಲ್ಲು ಬಾಯಿ ಬಿಡುವುದಿಲ್ಲ. ದಾಸೋಜ ಬಳ್ಳಿಗಾವೆಯವನು, ಚಾವಣ ಅವನ ಮಗ, ಎದುರಾಳಿ ರೂವಾರಿಗಳನ್ನು ಕೆಣಕುವಂಥ ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ. ಅಷ್ಟು ಗೊತ್ತು. ದಾಸೋಜನಿಗೆ ಕೂಲಿ ಎಷ್ಟು, ಯಾರ ಜೊತೆ ಜಗಳ, ಮಗ ಅಪ್ಪನ ಮಾತು ಕೇಳುತ್ತಿದ್ದನಾ? ಒಂದು ಸಾಲೂ ಇಲ್ಲ. ಬ್ರುನೆಲೆಸ್ಕಿ ಜೈಲಿಗೆ ಹೋದದ್ದೂ ನಮ್ಮ ಕಂಟ್ರಾಕ್ಟರಿಗೆ ಗೊತ್ತು. ಅವನ ಜೀವನ ಚರಿತ್ರೆಯನ್ನು ಅವನನ್ನು ಕಂಡವರೇ ಬರೆದರು. 1550ರಲ್ಲಿ ವಸಾರಿ ಎಂಬ ಚಿತ್ರಕಾರ ನೂರಕ್ಕೂ ಹೆಚ್ಚು ಕಲಾವಿದರ ಬದುಕನ್ನು ಒಂದೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಮರುಹುಟ್ಟು ಅನ್ನುವ ಮಾತನ್ನು ಕಲೆಗೆ ಹಚ್ಚಿದವನೂ ಅವನೇ. ಅದನ್ನು ಒಂದು ಇಡೀ ಯುಗಕ್ಕೆ ಹೆಸರಾಗಿ ಇಟ್ಟದ್ದು ಇನ್ನೂ ತಡ, 1855ರಲ್ಲಿ ಫ್ರಾನ್ಸಿನ ಇತಿಹಾಸಕಾರ ಮಿಶ್ಲೆ, 1860ರಲ್ಲಿ ಸ್ವಿಸ್ ಇತಿಹಾಸಕಾರ ಬರ್ಕ್‌ಹಾರ್ಟ್. ಗುಮ್ಮಟದ ಮೇಲೆ ನಿಂತು ಇಟ್ಟಿಗೆ ಜೋಡಿಸುತ್ತಿದ್ದ ಮೇಸ್ತ್ರಿಗೆ ತಾನು ಪುನರುಜ್ಜೀವನದಲ್ಲಿದ್ದೇನೆ ಅಂತ ಗೊತ್ತಿರಲಿಲ್ಲ.

ಡ್ರಾಯಿಂಗ್ ಮಿಸ್, ಮೂಡಿಗೆರೆ

ಮೇಷ್ಟ್ರು ಕಾಗದದ ಕಡೆಯಿಂದ ಹೇಳಿದರು, ನಾನು ಕಣ್ಣಿನ ಕಡೆಯಿಂದ ಒಂದು ಸೇರಿಸುತ್ತೇನೆ.

ನಮ್ಮ ಕಡೆ ಎಸ್ಟೇಟ್ ರಸ್ತೆಯಲ್ಲಿ ಎರಡೂ ಬದಿ ಸಿಲ್ವರ್ ಓಕ್ ಸಾಲು ಇರುತ್ತೆ. ನಡುವೆ ನಿಂತು ನೋಡಿದರೆ ದೂರ ಹೋದ ಹಾಗೆ ಮರ ಕುಳ್ಳಾಗುತ್ತೆ, ರಸ್ತೆ ಕಿರಿದಾಗುತ್ತೆ, ಕೊನೆಗೆ ಒಂದು ಚುಕ್ಕಿಯಲ್ಲಿ ಎಲ್ಲ ಕೂಡುತ್ತೆ. ಮಕ್ಕಳಿಗೆ ನಾನು ಕಲಿಸುವ ಮೊದಲ ಪಾಠ ಇದು. ಇದಕ್ಕೆ ಲೆಕ್ಕ ಹಾಕಿಕೊಟ್ಟವನೂ ಅದೇ ಬ್ರುನೆಲೆಸ್ಕಿ. ಒಂದು ಸಣ್ಣ ಹಲಗೆ ಮೇಲೆ ಚರ್ಚಿನ ಎದುರಿನ ಕಟ್ಟಡದ ಚಿತ್ರ ಬರೆದ, ನಡುವೆ ಒಂದು ತೂತು ಕೊರೆದ. ಹಲಗೆಯ ಹಿಂದಿನಿಂದ ತೂತಿಗೆ ಕಣ್ಣಿಟ್ಟು, ಎದುರಿಗೆ ಕನ್ನಡಿ ಹಿಡಿದು ಚಿತ್ರದ ಪ್ರತಿಬಿಂಬ ನೋಡಬೇಕು. ಕನ್ನಡಿ ಸರಿಸಿದರೆ ನಿಜವಾದ ಕಟ್ಟಡ, ಹಿಡಿದರೆ ಚಿತ್ರ, ಎರಡಕ್ಕೂ ವ್ಯತ್ಯಾಸ ಗೊತ್ತಾಗಬಾರದು. 1435ರಲ್ಲಿ ಆಲ್ಬೆರ್ಟಿ ಎಂಬ ವಿದ್ವಾಂಸ ಇದರ ವಿಧಾನವನ್ನು ಪುಸ್ತಕದಲ್ಲಿ ಬರೆದಿಟ್ಟ. ಮಸಾಚೊ ಅಂತ ಒಬ್ಬ ಹುಡುಗ, ಮೂವತ್ತೂ ತುಂಬದೆ ಸತ್ತವನು, 1427ರ ಸುಮಾರಿಗೆ ಗೋಡೆ ಮೇಲೆ ತ್ರಿಮೂರ್ತಿ ಚಿತ್ರ ಬರೆದ. ತ್ರಿಮೂರ್ತಿ ಅಂದರೆ ನಮ್ಮವರಲ್ಲ, ಅವರ ತಂದೆ, ಮಗ, ಪವಿತ್ರಾತ್ಮ. ಆ ಗಾರೆಯಲ್ಲಿ ದಾರ ಹೊಡೆದ ಗೀಟು ಈಗಲೂ ಕಾಣುತ್ತೆ. ಕಂಟ್ರಾಕ್ಟರ್ ಅಣ್ಣ, ನಿಮ್ಮವರು ಸುಣ್ಣದ ದಾರ ಹೊಡೆಯುತ್ತಾರಲ್ಲ, ಅದೇ.

ಬೆಳಕು ಕಣ್ಣಿಗೆ ಹೇಗೆ ಬರುತ್ತೆ ಅನ್ನುವ ಶಾಸ್ತ್ರ ಅವರಿಗೆ ಸಿಕ್ಕಿದ್ದು ಅರಬ್ಬರಿಂದ. ಬರೆದವನ ಹೆಸರು ಹಸನ್ ಇಬ್ನ್ ಅಲ್ ಹೈಥಮ್. ಹಾಸನಕ್ಕೂ ಇವರಿಗೂ ಸಂಬಂಧ ಇಲ್ಲ, ಹೊಯ್ಸಳ ಹುಡುಗ ಖುಷಿಪಡಬೇಡಿ!

ಬೇಲೂರಿನಲ್ಲಿ ಕನ್ನಡಿ ಹಿಡಿದ ದರ್ಪಣ ಸುಂದರಿ ಇದ್ದಾಳೆ, ಆದರೆ ಈ ತೂತಿನ ಲೆಕ್ಕ ಅಲ್ಲಿಲ್ಲ. ಬೇಕಾಗಿಯೂ ಇರಲಿಲ್ಲ. ಹಳೇಬೀಡಿನ ಗೋಡೆ ನೋಡುವವರು ಒಂದೇ ಕಡೆ ನಿಲ್ಲುವುದಿಲ್ಲ. ಪ್ರದಕ್ಷಿಣೆ ಹಾಕುತ್ತಾ ನಡೆಯಬೇಕು, ಕೆಳಗೆ ಆನೆ ಸಾಲು ನಮ್ಮ ಜೊತೆ ನಡೆಯುತ್ತೆ, ಮೇಲೆ ಕುದುರೆ ಸಾಲು ಹೋಗುತ್ತೆ, ಇನ್ನೂ ಮೇಲೆ ರಾಮಾಯಣ ಒಂದೊಂದೇ ಮೂಲೆ ತಿರುಗುತ್ತೆ. ಗೋಡೆಯೇ ನಕ್ಷತ್ರದ ಹಾಗೆ ಮಡಚಿಕೊಂಡಿದೆ, ಹೆಜ್ಜೆ ಹೆಜ್ಜೆಗೂ ಬೆಳಕು ಬೇರೆ. ಬಳಪದ ಕಲ್ಲು ಹೊಸದಾಗಿ ತೆಗೆದಾಗ ಮೆತ್ತಗಿರುತ್ತೆ, ಆಮೇಲೆ ಗಾಳಿಗೆ ಗಟ್ಟಿಯಾಗುತ್ತೆ, ಅದಕ್ಕೇ ಬಳೆ ಸರದ ಒಂದೊಂದು ಮಣಿಯನ್ನೂ ಬಿಡಿಸಲು ಆಯಿತು. ಫ್ಲಾರೆನ್ಸಿನವರು ನೋಡುವವನ ಒಂದು ಕಣ್ಣನ್ನು ಒಂದು ಜಾಗಕ್ಕೆ ಮೊಳೆ ಹೊಡೆದು ಕೂರಿಸಿದರು. ನಮ್ಮವರು ಕಾಲಿಗೆ ಕೆಲಸ ಕೊಟ್ಟರು. ಯಾವುದು ಮೇಲು ಅಂತ ಕೇಳಿದರೆ ನನಗೆ ಎರಡೂ ಬೇಕು.

ಮಗಳಿಗೆ ಇನ್ನೊಂದು ಹೇಳಿ. ಬೇಲೂರಿನ ಕಲ್ಲಲ್ಲಿ ದಾಸೋಜ, ಚಾವಣ, ನಾಗೋಜ, ಎಲ್ಲ ಗಂಡಸರ ಹೆಸರು. ಕೆತ್ತಿದ್ದು ಮಾತ್ರ ಹೆಂಗಸರನ್ನು. ಹಾಡು, ನೃತ್ಯದಲ್ಲಿ ಶಾಂತಲಾದೇವಿಯನ್ನು ಶಾಸನ ಹೊಗಳುತ್ತೆ, ಆದರೆ ಅವಳು ರಾಣಿ. ಇಟಲಿಯಲ್ಲೂ ಹಾಗೇ. ವಸಾರಿಯ 1550ರ ಪುಸ್ತಕದಲ್ಲಿ ತನ್ನದೇ ಅಧ್ಯಾಯ ಸಿಕ್ಕ ಹೆಂಗಸು ಒಬ್ಬಳೇ, ಬೊಲೊನ್ಯಾದ ಪ್ರೊಪೆರ್ಜಿಯಾ ದೆ ರೊಸ್ಸಿ. ಅವಳು ಪೀಚ್ ಹಣ್ಣಿನ ವಾಟೆ ಮೇಲೆ ಗುಂಪು ಗುಂಪು ಜನರನ್ನು ಕೆತ್ತುತ್ತಿದ್ದಳು. ವಾಟೆ! ಆಮೇಲೆ ಅಮೃತಶಿಲೆಗೂ ಕೈ ಹಾಕಿದಳು. ಆರ್ತೆಮಿಸಿಯಾ ಜೆಂಟಿಲೆಸ್ಕಿ ಫ್ಲಾರೆನ್ಸಿನ ಕಲಾ ಅಕಾಡೆಮಿಗೆ ಸೇರಿದ ಮೊದಲ ಹೆಂಗಸು, ಅದು 1616. ಅವಳಪ್ಪನೂ ಚಿತ್ರಕಾರ, ಇಲ್ಲದಿದ್ದರೆ ಅವಳಿಗೆ ಬ್ರಷ್ ಹಿಡಿಯಲು ಯಾರು ಕಲಿಸುತ್ತಿದ್ದರು. ಹೆಂಗಸರಿಗೆ ಪುನರುಜ್ಜೀವನ ಆಗಿತ್ತಾ ಅಂತ 1977ರಲ್ಲಿ ಜೋನ್ ಕೆಲಿ ಎಂಬ ಇತಿಹಾಸಗಾರ್ತಿ ಕೇಳಿದರು, ಬಹಳ ಜನರಿಗೆ ಆಗಲಿಲ್ಲ ಅಂತಲೇ ಅವರ ಉತ್ತರ. ಈ ಪ್ರಶ್ನೆ ನೋಟ್ಸಿನಲ್ಲಿ ಇದೆಯಾ?

ಜೆರಾಕ್ಸ್ ಅಂಗಡಿ, ಹಾಸನ

ಇಲ್ಲ ಮಿಸ್, ನೋಟ್ಸಿನಲ್ಲಿ ಒಬ್ಬ ಹೆಂಗಸೂ ಇಲ್ಲ. ಮೋನಾ ಲಿಸಾ ಇದ್ದಾಳೆ, ಅವಳನ್ನು ಲೆಕ್ಕಕ್ಕೆ ತಗೊಳ್ಳಬಹುದಾ ಗೊತ್ತಿಲ್ಲ.

ರಾತ್ರಿ ಅಂಗಡಿ ಬಾಗಿಲು ಎಳೆದ ಮೇಲೆ ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಜೈಲಿಗೆ ಹೋದ ಕತೆಗೆ ಜೋರು ನಕ್ಕಳು. ವಾಟೆ ಕತೆ ಕೇಳಿ ಮನೆಯಲ್ಲಿ ಮಾವಿನ ವಾಟೆ ತೊಳೆದು ಒಣಗಿಸಿದ್ದಾಳೆ, ನನ್ನ ಪೇಪರ್ ಕಟ್ಟರ್ ಕಾಣುತ್ತಿಲ್ಲ.

ಮೇಷ್ಟ್ರೇ, ನನಗೆ ಸಂಬಂಧಪಟ್ಟ ಒಂದು ಸಣ್ಣ ಪ್ರಶ್ನೆ. ಅಚ್ಚಿನ ಯಂತ್ರ ಬರುವ ಮೊದಲು ಈ ಪ್ರತಿ ತೆಗೆಯುವ ಕೆಲಸ ಮಾಡುತ್ತಿದ್ದವರು ಯಾರು? ಅವರಿಗೂ ಅಂಗಡಿ ಇತ್ತಾ? ಯಂತ್ರ ಬಂದ ಮೇಲೆ ಏನಾದರು?

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು

ಇತ್ತು ಸ್ವಾಮಿ, ನಿಮ್ಮ ಪೈಕಿಯವನೇ ಒಬ್ಬನಿದ್ದ. ಹೆಸರು ವೆಸ್ಪಾಸಿಯಾನೊ ದಾ ಬಿಸ್ತಿಚ್ಚಿ, ಫ್ಲಾರೆನ್ಸಿನಲ್ಲಿ ಪುಸ್ತಕದಂಗಡಿ. ಕೋಸಿಮೋ ಮೆಡಿಚಿ ಒಂದು ಗ್ರಂಥಾಲಯಕ್ಕೆ ಪುಸ್ತಕ ಬೇಕು ಅಂದಾಗ 45 ಜನ ಬರವಣಿಗೆಯವರನ್ನು ಹಚ್ಚಿ 22 ತಿಂಗಳಲ್ಲಿ 200 ಪುಸ್ತಕ ಮಾಡಿಕೊಟ್ಟೆ ಅಂತ ಅವನೇ ಬರೆದಿದ್ದಾನೆ. ತಲೆಗೆ ಲೆಕ್ಕ ಹಾಕಿ, ಒಬ್ಬ ಮನುಷ್ಯ ಐದು ತಿಂಗಳು ಕೂತರೆ ಒಂದು ಪುಸ್ತಕ. ಅದಕ್ಕೂ ಕೆಲವು ವರ್ಷ ಮೊದಲೇ ಜರ್ಮನಿಯ ಮೈನ್ಸ್ ಊರಿನಲ್ಲಿ ಗುಟೆನ್‌ಬರ್ಗ್ ಅಚ್ಚಿನ ಮೊಳೆ ಎರಕ ಹೊಯ್ದಿದ್ದ. 1455ರ ಹೊತ್ತಿಗೆ ಸುಮಾರು 180 ಬೈಬಲ್ ಪ್ರತಿ ಒಟ್ಟಿಗೆ ಬಂದವು.

ನಮ್ಮ ವೆಸ್ಪಾಸಿಯಾನೊಗೆ ಅಚ್ಚು ಕಂಡರೆ ಆಗುತ್ತಿರಲಿಲ್ಲ. ಉರ್ಬಿನೊ ದೊರೆಯ ಗ್ರಂಥಾಲಯದ ಬಗ್ಗೆ ಬರೆಯುತ್ತಾ, ಅಲ್ಲಿ ಎಲ್ಲವೂ ಕೈಬರಹ, ಅಚ್ಚಿನ ಪುಸ್ತಕ ಇಟ್ಟುಕೊಳ್ಳಲು ದೊರೆಗೆ ನಾಚಿಕೆಯಾಗುತ್ತಿತ್ತು ಅಂದಿದ್ದಾನೆ. ನಾಚಿಕೆ ಇದ್ದರೇನು, ಗಿರಾಕಿ ಬರುವುದು ನಿಂತಿತು. 1470ರ ದಶಕದ ಕೊನೆಗೆ ಅಂಗಡಿ ಮುಚ್ಚಿ ಹಳ್ಳಿ ಸೇರಿದ. ಅಲ್ಲಿ ಕೂತು ಏನು ಮಾಡಿದ ಗೊತ್ತಾ? ತನ್ನ ಅಂಗಡಿಗೆ ಬರುತ್ತಿದ್ದ ದೊಡ್ಡ ದೊಡ್ಡ ಗಿರಾಕಿಗಳ ಬದುಕನ್ನು ಒಬ್ಬೊಬ್ಬರದಾಗಿ ಬರೆದಿಟ್ಟ. ನಾನು ಮೇಲೆ ಹೇಳಿದ ಎಷ್ಟೋ ಮಾತು ನಮಗೆ ಬಂದದ್ದು ಇಂಥವರ ಕೈಯಿಂದ. ಬಳ್ಳಿಗಾವೆಯಲ್ಲೋ ದೋರಸಮುದ್ರದಲ್ಲೋ ಇಂಥ ಒಬ್ಬ ಅಂಗಡಿಯವನು ಕೂತು ದಾಸೋಜನ ಬಗ್ಗೆ ನಾಲ್ಕು ಓಲೆ ಗೀಚಿ, ಅದು ಗೆದ್ದಲು ತಿನ್ನದೆ ಉಳಿದಿದ್ದರೆ ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಬೇರೆ ಇರುತ್ತಿತ್ತು.

ಸೆಂಟ್ರಿಂಗ್ ಕಂಟ್ರಾಕ್ಟರ್

ಜೆರಾಕ್ಸ್ ಅಣ್ಣ, ಕೇಳಿದ್ರಲ್ಲ. ನಿಮ್ಮ ಅಂಗಡಿಗೆ ಬರುವ ನಮ್ಮಂಥವರ ಬಗ್ಗೆ ಬರೆಯುವಾಗ ಸ್ವಲ್ಪ ನೋಡಿಕೊಂಡು ಬರೀರಿ. ಪ್ಲಾನ್ ಜೆರಾಕ್ಸಿನ ಬಾಕಿ ಈ ವಾರ ಕೊಡ್ತೀನಿ.

ಜೆರಾಕ್ಸ್ ಅಂಗಡಿ, ಹಾಸನ

ಬಾಕಿಯ ಲೆಕ್ಕ ಪುಸ್ತಕದಲ್ಲಿದೆ ಸಾರ್, ಅಕ್ಷರದಲ್ಲೇ ಬರೆದಿದ್ದೇನೆ.

ಭಾನುವಾರ ಮಗಳನ್ನು ಕರೆದುಕೊಂಡು ಬೇಲೂರಿಗೆ ಹೋಗುತ್ತಿದ್ದೇನೆ. ಹೋದ ಸಲ ಗೈಡ್ ಹೇಳಿದರು ಅಷ್ಟೇ, ಆ ಹೆಸರು ಕಣ್ಣಾರೆ ನೋಡಲಿಲ್ಲವಂತೆ. ಎಲ್ಲಿ ನೋಡಬೇಕು?

ಇನ್ನೊಂದು. ಸೋಮವಾರ ಅದೇ ನೋಟ್ಸಿಗೆ ಮತ್ತೆ ಐವತ್ತು ಪ್ರತಿ ಆರ್ಡರ್ ಇದೆ. ಒರಿಜಿನಲ್ ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾರೆ. ಮಗಳು ಅದರಲ್ಲಿ 1453ರ ಪಕ್ಕ ಪೆನ್ಸಿಲಿನಲ್ಲಿ "1397?" ಅಂತ ಬರೆದುಬಿಟ್ಟಿದ್ದಾಳೆ. ಒರೆಸಲೋ, ಹಾಗೇ ಬಿಡಲೋ?

ಡ್ರಾಯಿಂಗ್ ಮಿಸ್, ಮೂಡಿಗೆರೆ

ಮದನಿಕೆಗಳು ಸೂರಿನ ಕೆಳಗೆ ಎತ್ತರದಲ್ಲಿ ಓರೆಯಾಗಿ ನಿಂತಿರುತ್ತವೆ, ಹೆಸರು ಪೀಠದ ಪಟ್ಟಿಯಲ್ಲಿ. ಬರಿಗಣ್ಣಿಗೆ ಕಷ್ಟ, ಬೈನಾಕ್ಯುಲರ್ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಮೊಬೈಲಿನಲ್ಲಿ ಜೂಮ್ ಮಾಡಿ. ಬೆಳಗ್ಗೆ ಬೇಗ ಹೋಗಿ, ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿದೆ, ಎಳೆ ಬಿಸಿಲು ಮುಂದಿನ ಗೋಡೆ ಮೇಲೆ ಬೀಳುತ್ತೆ. ಮಧ್ಯಾಹ್ನ ಆದರೆ ಅಂಗಳದ ಕಲ್ಲು ಕಾದು ಕಾಲಿಡಲು ಆಗುವುದಿಲ್ಲ, ಮಗುವಿಗೆ ಸಾಕ್ಸ್ ಹಾಕಿ.

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು

ಒರೆಸಬೇಡಿ. ಆದರೆ ಪೆನ್ಸಿಲ್ ಜೆರಾಕ್ಸಿನಲ್ಲಿ ಸರಿಯಾಗಿ ಬೀಳುತ್ತಾ? ನೋಡಿ, ಸ್ವಲ್ಪ ಕಪ್ಪು ಜಾಸ್ತಿ ಇಟ್ಟು ತೆಗೀರಿ.